ಬಾನುಲಿ ನಾಟಕದಲ್ಲಿ ಧ್ವನಿಯ ನೈಜತೆ

ಕಲ್ಕತ್ತ ಬಾನುಲಿ ಕೇಂದ್ರವು 1927ರ ಆಗಸ್ಟ್ 26ರಂದು ಆರಂಭವಾಯಿತು. ಗಾರ್ಸ್ಟಿನ್ ಪ್ಲೇಸ್‌ನ ಹಳೆಯ ಕಟ್ಟಡದಿಂದ ಬೀರೇಂದ್ರ ಕೃಷ್ಣ ಭದ್ರ ಮೊದಲಾದವರ ನಾಟಕಗಳು ನೇರವಾಗಿ ಪ್ರಸಾರವಾಗುತ್ತಿದ್ದವು. ಜರಡಿಯಲ್ಲಿ ಉರುಳುವ ಬಟಾಣಿ ಮಳೆಯಾಗುವುದು, ಮುದುಡಿದ ಸೆಲೋಫೇನ್ ಕಾಗದ ಬೆಂಕಿಯಾಗುವುದು ಬಾನುಲಿ ನಾಟಕದ ಹಳೆಯ ಉಪಾಯಗಳು.

ಮನರಂಜನೆಗೆ ಇಷ್ಟು ಸಾಕು. ಶೈಕ್ಷಣಿಕ ನಾಟಕಕ್ಕೆ ಸಾಲದು; ಅದನ್ನು ಕೇಳಿದವರು ಕೇಳಿದಂತೆಯೇ ಮನೆಯಲ್ಲಿ ಮಾಡಲು ತೊಡಗುತ್ತಾರೆ.

1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿತು. ರಕ್ತನಾಳಕ್ಕೆ ಕೊಡುವ ದ್ರವದ ದಾಸ್ತಾನು ಮುಗಿಯುತ್ತ ಬಂದಾಗ, ಕಲ್ಕತ್ತದಿಂದ ಬಂದಿದ್ದ ಡಾ. ದಿಲೀಪ್ ಮಹಾಲನಬೀಸ್ ಅವರು ಉಪ್ಪು, ಗ್ಲೂಕೋಸ್, ಅಡಿಗೆ ಸೋಡ ಬೆರೆಸಿದ ನೀರನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ 4ಕ್ಕಿಂತ ಕೆಳಗಿಳಿಯಿತು. ಅದನ್ನು ಬೆರೆಸುವ ಕ್ರಮವನ್ನು ಕರಪತ್ರಗಳಲ್ಲಿ ಹಂಚಿದ್ದಲ್ಲದೆ, ಬಾಂಗ್ಲಾದೇಶದ ಗುಪ್ತ ಬಾನುಲಿಯಲ್ಲಿಯೂ ತಿಳಿಸಲಾಯಿತು.

ಇದೇ ವಿಷಯವನ್ನು ನಾಟಕವಾಗಿಸುವಾಗ ಪಾತ್ರವು "ಒಂದು ಲೀಟರು ನೀರು" ಎನ್ನುತ್ತಿದ್ದಂತೆ ಸಣ್ಣ ಲೋಟವೊಂದು ತುಂಬಿದ ಸದ್ದು ಬಂದಿತೆನ್ನೋಣ. ತಾಯಿಯ ನೆನಪಿನಲ್ಲಿ ಉಳಿಯುವುದು ಲೋಟವೇ. ಒಂದು ಲೀಟರಿಗೆಂದು ಅಳೆದ ಪುಡಿಯನ್ನು ಒಂದು ಲೋಟದಲ್ಲಿ ಕದಡಿದರೆ ಉಪ್ಪು ಅತಿಯಾಗಿ ಮಗುವಿನ ಜೀವಕ್ಕೇ ಅಪಾಯ. ಆದ್ದರಿಂದ ಮೈಕಿನ ಮುಂದೆ ನಿಜವಾಗಿಯೂ ಲೀಟರು ಹಿಡಿಯುವ ಪಾತ್ರೆಯನ್ನೇ ತುಂಬಿಸಬೇಕು. ಪಾತ್ರೆ ತುಂಬುತ್ತ ಬಂದಂತೆ ನೀರಿನ ಸ್ವರ ಏರುತ್ತದೆ. ಕೊಡ ಹಿಡಿದು ನಲ್ಲಿಯ ಬಳಿ ನಿಂತವರೆಲ್ಲ ಬಲ್ಲ ಸ್ವರ ಅದು. ಅವಸರಕ್ಕೆ ಅದನ್ನು ನಡುವೆ ಕತ್ತರಿಸಬಾರದು.

ಮಗುವಿನ ಅಳುವಿನಲ್ಲಿಯೂ ಇದೇ ಎಚ್ಚರ ಬೇಕು. ನೀರಿಲ್ಲದೆ ತೀರ ಬಳಲಿದ ಮಗು ಗಟ್ಟಿಯಾಗಿ ಅಳಲಾರದು. ನರಳಿಕೆ, ಚಮಚದ ಸದ್ದು, ನಡುವೆ ಒಂದಿಷ್ಟು ಮೌನ: ಸ್ವಲ್ಪಸ್ವಲ್ಪವಾಗಿ ಕುಡಿಸಬೇಕೆಂಬ ಮಾತನ್ನು ಆ ಮೌನವೇ ಹೇಳುತ್ತದೆ.

ಸ್ಥಳವನ್ನು ಸೂಚಿಸುವ ಸದ್ದುಗಳು ಭಾಷೆಯಂತೆಯೇ ಬದಲಾಗುತ್ತವೆ. ಬಂಗಾಳದ ಮನೆಯಲ್ಲಿ ಗೃಹಿಣಿ ಶಂಖ ಊದಿದರೆ ಮುಸ್ಸಂಜೆಯಾಯಿತೆಂದು ಅಲ್ಲಿಯವರು ತಿಳಿಯುತ್ತಾರೆ. ಕನ್ನಡದ ಕೇಳುಗರಿಗೆ ಅದು ದೇವಸ್ಥಾನದ ಪೂಜೆಯೆನಿಸೀತು. ಕನ್ನಡ ರೂಪಾಂತರದಲ್ಲಿ ಕೊಟ್ಟಿಗೆಗೆ ಮರಳುವ ದನಗಳ ಕೊರಳಗಂಟೆ ಲೇಸು. ಕಲ್ಕತ್ತದ ಟ್ರಾಮಿನ ಗಂಟೆ ಎಷ್ಟೇ ಸೊಗಸಾಗಿದ್ದರೂ ಅಳತೆಯ ಮಾತು ಬಂದಾಗ ಅದನ್ನು ತಗ್ಗಿಸಿ ನೀರಿನ ಸದ್ದೊಂದನ್ನೇ ಉಳಿಸಬೇಕು. ಮುದ್ರಿಸಿದ ನಾಟಕವನ್ನು ಪ್ರಸಾರಕ್ಕೆ ಮುನ್ನ ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಲ್ಲದೆ, ಅಡಿಗೆಮನೆಯ ಗೂಡಿನಲ್ಲಿಡುವಂಥ ಸಣ್ಣ ಟ್ರಾನ್ಸಿಸ್ಟರಿನಲ್ಲಿಯೂ ಒಮ್ಮೆ ಕೇಳಿನೋಡುವುದು ಅಗತ್ಯ.