ಬನ್ನಿಮಂಟಪದ ಬಾಣಬಿರುಸು



ವಿಜಯದಶಮಿಯ ರಾತ್ರಿ ಮೈಸೂರಿನ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನಡೆಯುತ್ತದೆ. ಹಿಂದೆ ಅದರ ಕೊನೆಗೆ ಬಾಣಬಿರುಸು ಹಾರಿಸುತ್ತಿದ್ದರು. ಹೆಗ್ಗಡದೇವನಕೋಟೆಯ ಕಾಡಂಚಿನ ನಮ್ಮೂರಿನಿಂದ ಅಪ್ಪ ನನ್ನನ್ನು ಒಮ್ಮೆ ಅಲ್ಲಿಗೆ ಕರೆದೊಯ್ದಿದ್ದರು. ಮೊದಲ ಸಿಡಿತಕ್ಕೇ ಅವರ ಪಂಚೆ ಹಿಡಿದು, "ಆನೆ ಬಂತಾ ಅಪ್ಪಾ?" ಎಂದೆ. ಸುತ್ತಲಿದ್ದವರು ನಕ್ಕರು. ಅಪ್ಪ ನಗಲಿಲ್ಲ. ನಮ್ಮಲ್ಲಿ ಪಟಾಕಿಯೆಂದರೆ ರಾಗಿ ಹೊಲಕ್ಕೆ ಇಳಿದ ಆನೆಯನ್ನು ಓಡಿಸುವ ಸದ್ದು, ಹಬ್ಬದ್ದಲ್ಲ.

"ಬೆಳಕು ಕಂಡಾಗ ಎಣಿಸ್ಕೋ ಮಗ, ಸದ್ದು ಆಮೇಲೆ ಬತ್ತದೆ" ಎಂದರು. ಕೆಂಪು ಹೂ ಅರಳಿತು. ಒಂದು, ಎರಡು... ಢಮ್! ಭಯ ಹೋಯಿತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಆ ಕೆಂಪು ಸ್ಟ್ರಾನ್ಷಿಯಂನದು, ಹಸಿರು ಬೇರಿಯಂನದು ಎಂದು ತಿಳಿದದ್ದು ಕಾಲೇಜಿನಲ್ಲಿ.

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಹೊರಡುವ ದಸರಾ ಆನೆಗಳಿಗೆ ಫಿರಂಗಿ ಸದ್ದನ್ನು ಮೊದಲೇ ರೂಢಿ ಮಾಡಿಸುತ್ತಾರೆ. ನನಗೆ ಯಾರೂ ಮಾಡಿಸಿರಲಿಲ್ಲ, ಅಷ್ಟೆ!

ಈಚೆಗೆ ಬನ್ನಿಮಂಟಪದ ಆಕಾಶಕ್ಕೆ ಲೇಸರ್ ಬೆಳಕು ಬಂದಿದೆ. 2024ರಲ್ಲಿ ಡ್ರೋನ್‌ಗಳು ಚಿತ್ರ ಬರೆದವು. ಹೊಗೆಯಿಲ್ಲ, ಸಿಡಿತವಿಲ್ಲ. ಒಳ್ಳೆಯದೇ. ಆದರೂ ಮೇಲೆ ಬೆಳಕು ಮೂಡಿದೊಡನೆ ನಾನು ಮನಸ್ಸಿನಲ್ಲೇ ಎಣಿಸತೊಡಗುತ್ತೇನೆ: ಒಂದು, ಎರಡು, ಮೂರು...