ಬಿಸಿನೆಸ್ ಅನಲಿಸ್ಟ್ ಸರ್ಟಿಫಿಕೇಟಿಗೆ ನೆರವು: ಸಮಿತಿ ನಿಯಮ ಬದಲಿಸಿದ್ದು ಏಕೆ

(ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಮಾಡಿದ ಭಾಷಣ)



ಲೆಕ್ಕಪತ್ರವನ್ನು ಖಜಾಂಚಿಯವರು ಈಗಾಗಲೇ ಓದಿದ್ದಾರೆ. ಅದರಲ್ಲಿ 'ವೃತ್ತಿ ಸರ್ಟಿಫಿಕೇಟ್ ನೆರವು' ಎಂಬ ಒಂದು ಸಾಲಿದೆ. ಅದನ್ನು ನೋಡಿ ಕೆಲವರು ಫೋನ್ ಮಾಡಿ ಕೇಳಿದ್ದೀರಿ: ಈ ಬಿಸಿನೆಸ್ ಅನಲಿಸ್ಟ್ ಎಂದರೆ ಯಾರು? ಡಿಗ್ರಿ ಓದುವ ಮಕ್ಕಳಿಗೇ ಹಣ ಸಾಲದಿರುವಾಗ ಇದಕ್ಕೇಕೆ ಕೊಟ್ಟಿರಿ? ಕೇಳುವ ಹಕ್ಕು ನಿಮಗಿದೆ. ಈ ವಿಷಯದಲ್ಲಿ ನಾವು ಒಮ್ಮೆ ಎಡವಿದ್ದೇವೆ. ಅದನ್ನೇ ಮೊದಲು ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಬಿ.ಕಾಂ. ಮುಗಿಸಿದ ಮೂವರು ಹುಡುಗರು ನಮ್ಮ ಕಚೇರಿಗೆ ಒಂದು ಕರಪತ್ರ ಹಿಡಿದು ಬಂದರು. ಪೇಟೆಯ ಒಂದು ತರಬೇತಿ ಕೇಂದ್ರದ್ದು. ಮೂರು ತಿಂಗಳ ಬಿಸಿನೆಸ್ ಅನಲಿಸ್ಟ್ ಕೋರ್ಸ್, ಮುಗಿದ ಕೂಡಲೇ ಕೆಲಸ ಗ್ಯಾರಂಟಿ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಹುಡುಗರ ಉತ್ಸಾಹ ನೋಡಿ ಅರ್ಧ ಫೀಸು ಟ್ರಸ್ಟಿನಿಂದ ಕೊಟ್ಟೆವು. ಉಳಿದರ್ಧ ಮನೆಯವರು ಹೊಂದಿಸಿಕೊಂಡರು. ಒಬ್ಬನ ತಾಯಿ ಕೈಯ ಬಳೆ ಅಡವಿಟ್ಟಿದ್ದರು. ಅವರ ಮಗ ಸಗಟು ಅಕ್ಕಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಕ್ಲಾಸಿಗೆ ಸಮಯ ಸಾಲದೆಂದು ಆ ಕೆಲಸವನ್ನೂ ಬಿಟ್ಟ.

ಮೂರು ತಿಂಗಳಾದ ಮೇಲೆ ಕೈಗೆ ಬಂದದ್ದು ಆ ಕೇಂದ್ರದ್ದೇ ಮುದ್ರೆ ಇರುವ ಬಣ್ಣದ ಕಾಗದ. ಇಂಟರ್‌ವ್ಯೂಗೆ ಹೋದಲ್ಲೆಲ್ಲ ಒಂದೇ ಪ್ರಶ್ನೆ: ಈ ಕೆಲಸದಲ್ಲಿ ಎಷ್ಟು ವರ್ಷ ಅನುಭವ? ಆ ತಾಯಿ ಒಂದು ದಿನ ಕಚೇರಿಗೆ ಬಂದು, "ಹಾಜಿಯವರೇ, ಕಾಗದ ಬಂತು, ಕೆಲಸ ಎಲ್ಲಿ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಸರ್ಟಿಫಿಕೇಟ್ ಕೊಡುವವರು ಯಾರು ಎಂಬುದನ್ನೇ ನಾವು ವಿಚಾರಿಸಿರಲಿಲ್ಲ. ಬಳೆ ಬಿಡಿಸಲು ಟ್ರಸ್ಟಿನ ಹಣ ಬಳಸುವಂತಿರಲಿಲ್ಲ. ಹಾಗಾಗಿ ಸಮಿತಿಯ ಸದಸ್ಯರೇ ತಮ್ಮ ಕೈಯಿಂದ ಹಾಕಿ ಬಿಡಿಸಿಕೊಟ್ಟೆವು.

ಅದಾದ ಮೇಲೆ ವಿಚಾರಿಸಿದೆವು. ಈ ಕ್ಷೇತ್ರದಲ್ಲಿ ಎಲ್ಲ ಕಡೆ ಒಪ್ಪುವ ಸರ್ಟಿಫಿಕೇಟುಗಳನ್ನು ಮುಖ್ಯವಾಗಿ ಕೊಡುವುದು ಐಐಬಿಎ. ಇಂಟರ್‌ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಬಿಸಿನೆಸ್ ಅನಾಲಿಸಿಸ್ ಎಂಬ ಈ ಸಂಸ್ಥೆ 2003ರಲ್ಲಿ ಕೆನಡಾದ ಟೊರಾಂಟೊದಲ್ಲಿ ಶುರುವಾಯಿತು. ಬಾಬೋಕ್ ಎಂದು ಕರೆಯುವ ದಪ್ಪ ಕೈಪಿಡಿ ಇದರದ್ದೇ. ಅದರ ಮೂರನೇ ಆವೃತ್ತಿ ಬಂದದ್ದು 2015ರಲ್ಲಿ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪರೀಕ್ಷೆ ನಡೆಸುವ ಪಿಎಂಐ ಕೂಡ ಪಿಎಂಐ-ಪಿಬಿಎ ಎಂಬ ಪರೀಕ್ಷೆ ಮಾಡುತ್ತದೆ. ಅದಕ್ಕೂ ಅನುಭವ ಬೇಕು.

ಐಐಬಿಎಯಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಇಸಿಬಿಎ, ಅನುಭವ ಇಲ್ಲದವರೂ ಬರೆಯಬಹುದು. ಎರಡನೆಯದು ಸಿಸಿಬಿಎ, ಅದಕ್ಕೆ ಕಳೆದ 7 ವರ್ಷಗಳಲ್ಲಿ 3,750 ಗಂಟೆ ಈ ಕೆಲಸ ಮಾಡಿರಬೇಕು. ಮೂರನೆಯದು ಸಿಬಿಎಪಿ, ಅದಕ್ಕೆ ಕಳೆದ 10 ವರ್ಷಗಳಲ್ಲಿ 7,500 ಗಂಟೆ. ದಿನಕ್ಕೆ 8 ಗಂಟೆ ಇದೇ ಕೆಲಸ ಮಾಡಿದರೂ 7,500 ಗಂಟೆಗೆ 900ಕ್ಕೂ ಹೆಚ್ಚು ಕೆಲಸದ ದಿನ ಬೇಕು. ರಜೆ ಕಳೆದರೆ ನಾಲ್ಕು ವರ್ಷಕ್ಕೆ ಹತ್ತಿರ. ಗಂಟೆಗಳನ್ನು ಸುಮ್ಮನೆ ಬರೆದುಕೊಟ್ಟರೂ ಆಗದು, ಅರ್ಜಿಯನ್ನು ಅವರು ಪರಿಶೀಲನೆಗೆ ತೆಗೆದುಕೊಳ್ಳಬಹುದು.

ಇದರ ಅರ್ಥವೇನು? ದೊಡ್ಡ ಸರ್ಟಿಫಿಕೇಟುಗಳು ಕೆಲಸ ಕೊಡಿಸುವ ಕಾಗದವಲ್ಲ. ಮಾಡಿದ ಕೆಲಸಕ್ಕೆ ಹಾಕುವ ಸಹಿ. ಮೊದಲು ಕೆಲಸ, ಆಮೇಲೆ ಕಾಗದ. ನಾವು ಆ ಮೂವರನ್ನು ಕಳುಹಿಸಿದ್ದು ತಿರುಗುಮುರುಗಾಗಿ.

ಹಾಗಾದರೆ ಮೊದಲ ಕೆಲಸ ಎಲ್ಲಿಂದ ಬರುತ್ತದೆ? ಇದನ್ನು ನಮಗೆ ಕಲಿಸಿದವಳು ನಮ್ಮದೇ ಹಳೆಯ ವಿದ್ಯಾರ್ಥಿನಿ. ಹೆಸರು ಹೇಳುವುದು ಬೇಡ ಎಂದಿದ್ದಾಳೆ. ಬಿ.ಕಾಂ. ಮೂರೂ ವರ್ಷ ನಿಮ್ಮ ನೆರವಿನಿಂದ ಓದಿದಳು. ಆಮೇಲೆ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕುಳಿತಳು.

ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ದಿನ ಹೇಗಿರುತ್ತದೆಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಇವತ್ತು ಮನೆಗೆ ಹೋಗಬಹುದು ಎನ್ನುತ್ತಾರೆ. ಮನೆಯವರು ಬಟ್ಟೆ, ಫ್ಲಾಸ್ಕು, ಚಾಪೆ ಎಲ್ಲ ಕಟ್ಟಿ ಕುಳಿತಿರುತ್ತಾರೆ. ಸಂಜೆಯಾದರೂ ಬಿಲ್ ಬರುವುದಿಲ್ಲ. ಎಲ್ಲರೂ ಬೈಯುವುದು ಕೌಂಟರಿನ ಹುಡುಗಿಯನ್ನೇ. ಬೈಸಿಕೊಂಡು ಸಾಕಾಗಿ ಆಕೆ ಒಂದು ನೋಟ್‌ಬುಕ್ ಇಟ್ಟಳು. ಪ್ರತಿ ಫೈಲು ಎಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಬರೆದುಕೊಂಡಳು. ಡಿಸ್ಚಾರ್ಜ್ ಸಮ್ಮರಿ ಟೈಪಾಗಬೇಕು, ಲ್ಯಾಬಿನ ಕೊನೆಯ ಪರೀಕ್ಷೆ ಬಿಲ್ಲಿಗೆ ಸೇರಬೇಕು, ಬಳಸದೆ ಉಳಿದ ಔಷಧಿ ಫಾರ್ಮಸಿಗೆ ವಾಪಸಾಗಿ ಅದರ ಹಣ ಬಿಲ್ಲಿನಿಂದ ಕಳೆಯಬೇಕು, ವಿಮೆ ಇದ್ದವರಿಗೆ ಇಷ್ಟೂ ಮುಗಿದ ಮೇಲೆ ವಿಮೆಯವರ ಒಪ್ಪಿಗೆ ಬರಬೇಕು. ಒಂದು ತಿಂಗಳು ಬರೆದ ಮೇಲೆ ಆಕೆಗೆ ಕಂಡದ್ದು, ಹೆಚ್ಚಿನ ಫೈಲುಗಳು ನಿಲ್ಲುತ್ತಿದ್ದುದು ಔಷಧಿ ವಾಪಸಾತಿಯಲ್ಲಿ. ವಾರ್ಡಿನವರು ಎಲ್ಲ ರೋಗಿಗಳ ಉಳಿದ ಔಷಧಿಯನ್ನು ಒಟ್ಟುಮಾಡಿ ಮಧ್ಯಾಹ್ನದ ಮೇಲೆ ಒಂದೇ ಸಲ ಕೆಳಗೆ ತರುತ್ತಿದ್ದರು. ಅವರನ್ನು ದೂರಿ ಪ್ರಯೋಜನವಿಲ್ಲ, ಪ್ರತಿ ರೋಗಿಗೂ ಒಮ್ಮೆ ಮೆಟ್ಟಿಲು ಹತ್ತಿ ಇಳಿಯಲು ಅವರಿಗೆ ಜನ ಸಾಲುತ್ತಿರಲಿಲ್ಲ.

ಅದೇ ವರ್ಷ ಆಸ್ಪತ್ರೆ ಹೊಸ ಸಾಫ್ಟ್‌ವೇರ್ ಹಾಕಿಸಿತು. ಕಂಪನಿಯವರು ಬಂದು ನಿಮಗೆ ಏನು ಬೇಕು ಎಂದು ಕೇಳಿದರು. ಮ್ಯಾನೇಜರು ಬಿಲ್ ಬೇಗ ಆಗಬೇಕು ಎಂದರು. ಅಷ್ಟರಿಂದ ಪ್ರೋಗ್ರಾಂ ಬರೆಯುವವನಿಗೆ ಏನು ತಿಳಿಯಬೇಕು? ಈಕೆ ನೋಟ್‌ಬುಕ್ ತೆರೆದಳು. ಡಾಕ್ಟರು ಡಿಸ್ಚಾರ್ಜ್ ಬರೆದ ಕ್ಷಣವೇ ವಾರ್ಡಿನ ಕಂಪ್ಯೂಟರಿನಲ್ಲೇ ಔಷಧಿ ವಾಪಸಾತಿ ನಮೂದಾಗಲಿ, ಔಷಧಿ ಆಮೇಲೆ ಇಳಿದು ಬರಲಿ ಎಂದಳು. ಸಾಫ್ಟ್‌ವೇರ್ ತಯಾರಾದ ಮೇಲೆ ಹಳೆಯ ಬಿಲ್ಲುಗಳನ್ನು ಹಾಕಿ ನೋಡಿದಳು. ಜನರಲ್ ವಾರ್ಡಿನಿಂದ ರೂಮಿಗೆ ಹೋದವರ ಬಾಡಿಗೆ ಸರಿಯಾಗಿ ಬರುತ್ತದೆಯೇ? ಹೆರಿಗೆಯಾದಾಗ ತಾಯಿಗೊಂದು ನಂಬರು, ಮಗುವಿಗೊಂದು ನಂಬರು. ಮಗುವಿನ ಬಿಲ್ಲು ತಾಯಿಯ ವಿಮೆಗೆ ಹೇಗೆ ಸೇರುತ್ತದೆ? ಇದು ಕಂಪನಿಯವರಿಗೆ ಹೊಳೆದೇ ಇರಲಿಲ್ಲ.

ಅವರಲ್ಲೊಬ್ಬರು ಆಕೆಗೆ ಹೇಳಿದರು: ನೀವು ಮಾಡುತ್ತಿರುವುದಕ್ಕೆ ಬಿಸಿನೆಸ್ ಅನಲಿಸ್ಟ್ ಕೆಲಸ ಎನ್ನುತ್ತಾರೆ.

ನೋಡಿ, ಇಷ್ಟೇ ಈ ಕೆಲಸ. ಕೆಲಸ ಮಾಡುವವರು ಒಂದು ಕಡೆ, ಸಾಫ್ಟ್‌ವೇರ್ ಬರೆಯುವವರು ಇನ್ನೊಂದು ಕಡೆ. ಇಬ್ಬರ ಮಧ್ಯೆ ನಿಂತು, ನಿಜವಾದ ತೊಂದರೆ ಎಲ್ಲಿದೆ ಎಂದು ಕಂಡುಹಿಡಿದು, ಪ್ರೋಗ್ರಾಂ ಬರೆಯುವವನಿಗೆ ಅರ್ಥವಾಗುವಂತೆ ಬರೆದುಕೊಡುವುದು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅಂಗಡಿಗಳ ಬಿಲ್ಲಿಂಗ್ ಬದಲಾಯಿತಲ್ಲ, ಆಗ ಸಾಫ್ಟ್‌ವೇರಿನವರ ಪಕ್ಕ ಕುಳಿತು ಯಾವ ಮಾಲಿಗೆ ಯಾವ ತೆರಿಗೆ, ಬೇರೆ ರಾಜ್ಯಕ್ಕೆ ಹೋದರೆ ಹೇಗೆ ಎಂದು ಹೇಳಿಕೊಟ್ಟ ಅಕೌಂಟೆಂಟರು ನಮ್ಮಲ್ಲೂ ಇದ್ದಾರೆ. ಅವರೂ ಈ ಕೆಲಸ ಮಾಡಿದವರೇ. ಹೆಸರು ಗೊತ್ತಿರಲಿಲ್ಲ, ಅಷ್ಟೇ.

ಇಂಗ್ಲಿಷಿನ ಭಯದ ಬಗ್ಗೆ ಒಂದು ಮಾತು. ಪರೀಕ್ಷೆ ಇಂಗ್ಲಿಷಿನಲ್ಲಿದೆ, ಓದಿಕೊಳ್ಳಲೇಬೇಕು. ಆದರೆ ವಾರ್ಡಿನವರು ತುಳುವಿನಲ್ಲಿ, ರೋಗಿಯ ಮನೆಯವರು ಬ್ಯಾರಿಯಲ್ಲಿ, ಮ್ಯಾನೇಜರು ಕನ್ನಡದಲ್ಲಿ ಹೇಳಿದ್ದನ್ನು ಕೇಳಿ ಒಂದೇ ಹಾಳೆಗೆ ಇಳಿಸಲು ಬರುವುದು ನಮ್ಮ ಮಕ್ಕಳಿಗೆ. ಅದನ್ನು ಯಾವ ಕೋರ್ಸೂ ಕಲಿಸುವುದಿಲ್ಲ.

ಆ ಹುಡುಗಿ ಕೆಲಸ ಬಿಡಲಿಲ್ಲ. ರಾತ್ರಿ ಓದಿ, ಮನೆಯಲ್ಲೇ ಕುಳಿತು ಆನ್‌ಲೈನಿನಲ್ಲಿ ಇಸಿಬಿಎ ಬರೆದಳು. ನಮ್ಮ ಬಳಿ ಬಂದದ್ದು ಪರೀಕ್ಷಾ ಶುಲ್ಕಕ್ಕೆ ಮಾತ್ರ. ಅದನ್ನು ಡಾಲರಿನಲ್ಲಿ ಕಟ್ಟಬೇಕು, ಕೌಂಟರಿನ ಸಂಬಳದಲ್ಲಿ ಅದು ಕಷ್ಟವೇ. ಆಮೇಲೆ ಬೆಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಗೆ ಮೊದಲು ಸಪೋರ್ಟ್ ಕೆಲಸಕ್ಕೆ ಸೇರಿ, ಅಲ್ಲಿಂದ ಅನಲಿಸ್ಟ್ ಆದಳು. ಇಂಟರ್‌ವ್ಯೂನಲ್ಲಿ ಪುಸ್ತಕದ ಪ್ರಶ್ನೆ ಕೇಳಿದ್ದು ಕಡಿಮೆಯಂತೆ. ಡಿಸ್ಚಾರ್ಜ್ ತಡವಾಗುವುದೇಕೆ ಎಂದು ಕೇಳಿದರು, ಈಕೆ ಅರ್ಧ ಗಂಟೆ ಮಾತಾಡಿದಳು. ಹಾಗೆಂದು ಸರ್ಟಿಫಿಕೇಟ್ ವ್ಯರ್ಥವೂ ಅಲ್ಲ. ಕೌಂಟರಿನ ಹುಡುಗಿಯ ಅರ್ಜಿಯನ್ನು ಇಂಟರ್‌ವ್ಯೂವರೆಗೆ ತಲುಪಿಸಿದ್ದು ಅದೇ, ಮತ್ತು ತಾನು ಮಾಡಿದ್ದನ್ನು ಆ ಕ್ಷೇತ್ರದವರ ಮಾತಿನಲ್ಲಿ ಹೇಳಲು ಕಲಿಸಿದ್ದೂ ಅದೇ ಎಂದು ಆಕೆಯೇ ಹೇಳುತ್ತಾಳೆ.

ಕಳೆದ ರಜೆಯಲ್ಲಿ ಬಂದವಳು ನಮ್ಮ ಅರ್ಜಿ ನಮೂನೆಯನ್ನೂ ಬಿಡಲಿಲ್ಲ. ಆದಾಯ ಪ್ರಮಾಣಪತ್ರ ಎರಡೆರಡು ಕಡೆ ಏಕೆ? 2020ರ ಏಪ್ರಿಲಿನಲ್ಲಿ ಬ್ಯಾಂಕುಗಳು ವಿಲೀನವಾಗಿ ಐಎಫ್‌ಎಸ್‌ಸಿ ಕೋಡುಗಳು ಬದಲಾದರೂ ನೀವು ಹಳೆಯ ಪಾಸ್‌ಬುಕ್ಕಿನ ಮೊದಲ ಪುಟವನ್ನೇ ತೆಗೆದುಕೊಳ್ಳುತ್ತಿದ್ದೀರಲ್ಲ? ಕೆಲವು ಮಕ್ಕಳ ಹಣ ವಾಪಸು ಬಂದು ಫೀಸಿಗೆ ತಡವಾದದ್ದು ಇದರಿಂದಲೇ ಎಂದು ನಮಗೆ ಆಗ ಅರ್ಥವಾಯಿತು. ನಾಲ್ಕು ಪುಟದ ಅರ್ಜಿ ಈ ವರ್ಷ ಎರಡು ಪುಟವಾಗಿದೆ.

ಈಗ ಬದಲಾದ ನಿಯಮಕ್ಕೆ ಬರುತ್ತೇವೆ. ಕೆಲಸ ಗ್ಯಾರಂಟಿ ಎಂದು ಬರೆದ ಯಾವ ಕೋರ್ಸಿಗೂ ಟ್ರಸ್ಟ್ ಇನ್ನು ಫೀಸು ಕೊಡುವುದಿಲ್ಲ. ಪರೀಕ್ಷೆ ನಡೆಸುವ ಸಂಸ್ಥೆಯ ಶುಲ್ಕವನ್ನು ನಾವೇ ನೇರವಾಗಿ ಕಟ್ಟುತ್ತೇವೆ, ಮಧ್ಯದವರಿಗೆ ಕೊಡುವುದಿಲ್ಲ. ಅರ್ಜಿದಾರರು ಎಲ್ಲಾದರೂ ಕೆಲಸದಲ್ಲಿರಬೇಕು: ಬ್ಯಾಂಕು, ಅಂಗಡಿ, ಆಸ್ಪತ್ರೆ, ಕಾಲ್ ಸೆಂಟರ್, ಯಾವುದಾದರೂ ಆದೀತು. ಆ ಕೆಲಸ ಬಿಡಬಾರದು ಎಂಬುದು ನಮ್ಮ ಒತ್ತಾಯ. ಕಾಲೇಜಿನಲ್ಲಿರುವ ಮಕ್ಕಳು ಎಕ್ಸೆಲ್ಲನ್ನೂ ಸ್ವಲ್ಪ ಎಸ್‌ಕ್ಯುಎಲ್ಲನ್ನೂ ಕಲಿತುಕೊಳ್ಳಲಿ, ಇವೆರಡನ್ನೂ ಖರ್ಚಿಲ್ಲದೆ ಕಲಿಯಬಹುದು. ಸರ್ಟಿಫಿಕೇಟಿಗೆ ಅವಸರ ಬೇಡ. ಐಐಬಿಎಯ ಶುಲ್ಕ, ನಿಯಮ ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ದಿನ ಸಂಸ್ಥೆಯ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ.

ಅಕ್ಕಿ ಅಂಗಡಿಯ ಹುಡುಗನ ಬಗ್ಗೆ ಹೇಳದೆ ಮುಗಿಸಿದರೆ ನೀವು ಕೇಳಿಯೇ ಕೇಳುತ್ತೀರಿ. ಒಂದು ವರ್ಷಕ್ಕೂ ಹೆಚ್ಚು ಕಾಲ ಮನೆಯಲ್ಲಿ ಕುಳಿತ. ಆಮೇಲೆ ಹಳೆಯ ಧಣಿಗಳೇ ಕರೆದು ಕೆಲಸ ಕೊಟ್ಟರು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಅಲ್ಲಿ ಗೋದಾಮು ಮತ್ತು ಬಿಲ್ಲಿಂಗನ್ನು ಒಂದೇ ಸಾಫ್ಟ್‌ವೇರಿಗೆ ತರುವ ಕೆಲಸ ಈಗ ನಡೆಯುತ್ತಿದೆ. ಅದರ ಜವಾಬ್ದಾರಿ ಅವನದು. ದಿನಾ ಮಾಡಿದ ಕೆಲಸವನ್ನು ಗಂಟೆ ಲೆಕ್ಕದಲ್ಲಿ ಬರೆದಿಡುತ್ತಿದ್ದಾನೆ. 3,750 ಗಂಟೆಗೆ ಇನ್ನೂ ಬಹಳ ದೂರವಿದೆ. ಈ ಸಲ ಇಸಿಬಿಎ ಶುಲ್ಕಕ್ಕೆ ಅರ್ಜಿ ಹಾಕಿದ್ದಾನೆ, ಸಮಿತಿ ಒಪ್ಪಿದೆ.

ಅರ್ಜಿ ಹಾಕುವವರು ಕೆಲಸದ ಸ್ಥಳದಿಂದ ಒಂದು ಪತ್ರ, ಆದಾಯ ಪ್ರಮಾಣಪತ್ರದ ಒಂದೇ ಒಂದು ಪ್ರತಿ, ಮತ್ತು ಈಗಿನ ಐಎಫ್‌ಎಸ್‌ಸಿ ಕೋಡ್ ಇರುವ ಪಾಸ್‌ಬುಕ್ಕಿನ ಪುಟ ತನ್ನಿ. ಅದರ ಜೊತೆ ನಿಮ್ಮ ಕೆಲಸದ ಜಾಗದಲ್ಲಿ ದಿನಾ ತಡವಾಗುವ ಅಥವಾ ಎರಡೆರಡು ಸಲ ಮಾಡಬೇಕಾಗುವ ಒಂದು ಕೆಲಸದ ಬಗ್ಗೆ ಒಂದು ಪುಟ ಬರೆದು ತನ್ನಿ, ಕನ್ನಡದಲ್ಲೇ ಇರಲಿ. ಸಂದರ್ಶನದಲ್ಲಿ ನಾವು ಕೇಳುವುದು ಆ ಪುಟದ ಮೇಲೆಯೇ.