ಚಂಚಲ ಮಗುವೂ ಮನೆಯ ಪ್ರಾರ್ಥನೆಯೂ

"ಹುಡುಗ ಜಾಣ; ಆದರೆ ಕೂತಲ್ಲಿ ಕೂರುವುದಿಲ್ಲ, ಹೇಳಿದ್ದು ಕಿವಿಗೆ ಬೀಳುವುದಿಲ್ಲ, ದಿನಕ್ಕೊಂದು ಪೆನ್ಸಿಲು ಕಳೆಯುತ್ತಾನೆ." ಈ ದೂರನ್ನು ಕೇಳದ ಉಪಾಧ್ಯಾಯರು ಇಲ್ಲವೆಂದೇ ಹೇಳಬಹುದು. ದೂರಿನ ಬೆನ್ನಿಗೇ ತೀರ್ಪೂ ಬಂದುಬಿಡುತ್ತದೆ: ಸೋಮಾರಿ, ಹಟಮಾರಿ, ಮುದ್ದಿನಿಂದ ಕೆಟ್ಟವನು. ಈ ತೀರ್ಪು ಎಲ್ಲ ಸಲವೂ ಸರಿಯಲ್ಲ. ಇಂಥ ಮಕ್ಕಳಲ್ಲಿ ಕೆಲವರಿಗೆ ಇರುವುದು ಗುಣದ ದೋಷವಲ್ಲ. ಗಮನವನ್ನು ಹಿಡಿದು ನಿಲ್ಲಿಸುವ ಮಿದುಳಿನ ಕೆಲಸದಲ್ಲಿ ಒಂದು ತೊಂದರೆ. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಇದನ್ನು ಕರೆಯಬಹುದು; ಬಳಕೆಯಲ್ಲಿರುವ ಚಿಕ್ಕ ಹೆಸರು ಎ.ಡಿ.ಎಚ್.ಡಿ. ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಇದು ಇರುತ್ತದೆ.

ಹೆಸರು 1987ರದು, ತೊಂದರೆ ಹಳೆಯದು. ಊಟದ ಮೇಜಿನಲ್ಲಿ ಕುರ್ಚಿಯನ್ನು ತೂಗಾಡಿಸಿ, ಬಟ್ಟೆಯ ಸಮೇತ ಊಟವನ್ನೆಲ್ಲ ನೆಲಕ್ಕೆ ಎಳೆಯುವ ಹುಡುಗನೊಬ್ಬನನ್ನು ಜರ್ಮನಿಯ ವೈದ್ಯ ಹೈನ್‌ರಿಖ್ ಹಾಫ್‌ಮನ್ 1840ರ ದಶಕದಲ್ಲಿಯೇ ಮಕ್ಕಳ ಪುಸ್ತಕದಲ್ಲಿ ಚಿತ್ರಿಸಿದ್ದನು. 1902ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳ ವಿಷಯವಾಗಿ ಉಪನ್ಯಾಸಗಳನ್ನು ಕೊಟ್ಟನು.

ಲಕ್ಷಣಗಳು ಮೂರು ಬಗೆ. ಮನಸ್ಸು ನಿಲ್ಲದಿರುವುದು: ಲೆಕ್ಕವನ್ನು ಅರ್ಧಕ್ಕೆ ಬಿಡುವುದು, ಪುಸ್ತಕ ಮರೆಯುವುದು. ಮೈ ನಿಲ್ಲದಿರುವುದು. ತಡೆಯಿಲ್ಲದಿರುವುದು: ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವುದು, ಸರದಿಗೆ ಕಾಯಲಾರದಿರುವುದು. ಹೆಣ್ಣುಮಕ್ಕಳಲ್ಲಿ ಅನೇಕ ವೇಳೆ ಮೊದಲನೆಯದೇ ಹೆಚ್ಚು. ಕಿಟಕಿಯ ಆಚೆ ನೋಡುತ್ತ ಸುಮ್ಮನೆ ಕುಳಿತ ಹುಡುಗಿಯನ್ನು ವೈದ್ಯರ ಬಳಿಗೆ ಕರೆದೊಯ್ಯುವವರು ಕಡಮೆ. ಇವೆಲ್ಲ ಯಾವ ಮಗುವಿನಲ್ಲಿಯೂ ಒಮ್ಮೊಮ್ಮೆ ಉಂಟು. 12 ವರ್ಷಕ್ಕೆ ಮೊದಲೇ ತೋರಿ, ಆರು ತಿಂಗಳಾದರೂ ಬಿಡದೆ, ಮನೆಯಲ್ಲಿಯೂ ಶಾಲೆಯಲ್ಲಿಯೂ ಬಾಳಿಗೆ ಅಡ್ಡಿಯಾಗುವಷ್ಟು ಇದ್ದರೆ ಮಾತ್ರ ವೈದ್ಯರು ಈ ಹೆಸರು ಕೊಡುತ್ತಾರೆ. ಇದಕ್ಕೆ ರಕ್ತಪರೀಕ್ಷೆ ಇಲ್ಲ. ತಂದೆತಾಯಿಗಳ ಮತ್ತು ಉಪಾಧ್ಯಾಯರ ಮಾತು ಕೇಳಿ, ಮಗುವನ್ನು ನೋಡಿ ನಿರ್ಧರಿಸಬೇಕು. ಮೈಯೆತ್ತರದ ಹಾಗೆ ಇದೂ ಬಹುಪಾಲು ವಂಶದಿಂದ ಬರುವಂಥದು. ತಾಯಿ ಸರಿಯಾಗಿ ಬೆಳೆಸಲಿಲ್ಲವೆಂದು ಬಂದುದಲ್ಲ.

ಇಂಥ ಮಗುವಿಗೆ ದೂರದ ಬಹುಮಾನ ಕಾಣುವುದಿಲ್ಲ. ವರ್ಷದ ಕೊನೆಯ ಪರೀಕ್ಷೆಗಾಗಿ ಇಂದು ಓದೆಂದರೆ ಮನಸ್ಸು ಹಿಡಿಯದು. ಆದುದರಿಂದ ಕೆಲಸವನ್ನು ಚಿಕ್ಕದು ಮಾಡಬೇಕು, ಮೆಚ್ಚಿಗೆಯನ್ನು ಹತ್ತಿರ ತರಬೇಕು. ಹತ್ತು ನಿಮಿಷ ಲೆಕ್ಕ, ಬಳಿಕ ಎದ್ದು ಗಿಡಗಳಿಗೆ ನೀರು, ಮತ್ತೆ ಹತ್ತು ನಿಮಿಷ ಲೆಕ್ಕ. ಗಡಿಯಾರ ಕಣ್ಣೆದುರಿಗಿರಲಿ. ಅಡಿಗೆಮನೆಯಿಂದ ಕೂಗುವ ಬದಲು ಹತ್ತಿರ ಹೋಗಿ, ಭುಜ ಮುಟ್ಟಿ, ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ಶಾಲೆಯ ಚೀಲ ರಾತ್ರಿಯೇ ತುಂಬಿ ಬಾಗಿಲ ಬಳಿ ಇರಲಿ. ಮಲಗುವ ಹೊತ್ತು ತಪ್ಪದಿರಲಿ. ಶಾಲೆಯಲ್ಲಿ ಮುಂದಿನ ಬೆಂಚಿನಲ್ಲಿ ಕೂರಿಸಿ, ನಡುವೆ ಬೋರ್ಡು ಒರೆಸುವ ಕೆಲಸ ಕೊಟ್ಟರೆ ಉಪಾಧ್ಯಾಯರಿಗೂ ನೆಮ್ಮದಿ.

ಔಷಧಿಯೂ ಉಂಟು. ಅವುಗಳಲ್ಲಿ ಮುಖ್ಯವಾದ ಮೀಥೈಲ್‌ಫೆನಿಡೇಟನ್ನು 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತಯಾರಿಸಿದರು. ಇದು ಮಗುವನ್ನು ಮಂಕುಗೊಳಿಸುವುದಕ್ಕೆ ಕೊಡುವ ಮದ್ದಲ್ಲ. ಗಮನಕ್ಕೆ ಬೇಕಾದ ರಾಸಾಯನಿಕಗಳು ಮಿದುಳಿನಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಹಸಿವೂ ನಿದ್ರೆಯೂ ಕಡಮೆಯಾಗಬಹುದು. ಅದಕ್ಕಾಗಿ ವೈದ್ಯರು ತೂಕ, ಎತ್ತರ, ನಾಡಿ, ರಕ್ತದ ಒತ್ತಡಗಳನ್ನು ನೋಡುತ್ತಿರುತ್ತಾರೆ. ತೀರ ಚಿಕ್ಕ ಮಕ್ಕಳ ವಿಷಯದಲ್ಲಿ ಮೊದಲು ತಂದೆತಾಯಿಗಳಿಗೇ ತರಬೇತು.

ಇನ್ನು ದೇವಭಕ್ತಿಯ ಮನೆಯ ಮಾತು. ನಮ್ಮ ಕರಾವಳಿಯ ಕೆಥೋಲಿಕ ಮನೆಗಳಲ್ಲಿ ಸಂಜೆ ಜಪಸರದ ಪ್ರಾರ್ಥನೆ. ಪ್ರೊಟೆಸ್ಟಂಟ್ ಮನೆಗಳಲ್ಲಿ ಸತ್ಯವೇದದ ಪಾಠ, ಒಂದು ಗೀತೆ. ಮನೆಗೆ ಶಾಂತಿ ತರುವ ಈ ಹೊತ್ತೇ ಇಂಥ ಮಗುವಿಗೆ ಬೆಟ್ಟದಂತೆ ತೋರುತ್ತದೆ. ಹೊರಳಾಡಿದರೆ ಗದರಿಕೆ, ನಕ್ಕರೆ ಪೆಟ್ಟು. ಬೆಳಿಗ್ಗೆ ತಾಯಿಯಿಂದ, ಮಧ್ಯಾಹ್ನ ಉಪಾಧ್ಯಾಯರಿಂದ ಬೈಗುಳ ತಿಂದ ಮಗು ಸಂಜೆ ದೇವರ ಮುಂದೆಯೂ ಅದನ್ನೇ ತಿಂದರೆ, "ನಾನು ದೇವರಿಗೂ ಬೇಡವಾದವನು" ಎಂದುಕೊಳ್ಳುವುದು ಸಹಜ. ಕಳೆದ ಪೆನ್ಸಿಲು ಮತ್ತೆ ಬರುತ್ತದೆ. ಒಳಗೆ ಕೂತ ಈ ನಂಬಿಕೆ ಬೇಗ ಹೋಗುವುದಿಲ್ಲ.

ಪ್ರಾರ್ಥನೆಯನ್ನು ಬಿಡಬೇಕೆಂದಲ್ಲ, ಮಗುವಿನ ಅಳತೆಗೆ ತರಬೇಕು. ದೀಪ ಹಚ್ಚುವುದು, ಸತ್ಯವೇದದ ಪುಟ ತೆಗೆಯುವುದು ಮಗುವಿನ ಕೆಲಸವಾಗಲಿ. ಜಪಸರದ ಐದು ದಶಕಗಳಲ್ಲಿ ಒಂದನ್ನು ಮಗುವೇ ನಡೆಸಲಿ. ಮಣಿ ಎಣಿಸುವ ಕೈಗೆ ಕೆಲಸವಿದ್ದರೆ ಮನಸ್ಸೂ ಕೊಂಚ ನಿಲ್ಲುತ್ತದೆ. 117ನೆಯ ಕೀರ್ತನೆಗೆ ಎರಡೇ ವಚನ. ಅಷ್ಟನ್ನು ಸಂತೋಷವಾಗಿ ಓದಿದ ಮಗು, ಉದ್ದದ ಅಧ್ಯಾಯವನ್ನು ಅಳುತ್ತ ಕೇಳಿದ ಮಗುವಿಗಿಂತ ಹೆಚ್ಚು ಪಡೆದಂತೆಯೇ. ಭಾನುವಾರದ ಶಾಲೆಯಲ್ಲಿ ಕಥೆಯನ್ನು ಆಡಿ ತೋರಿಸಬಹುದು.

ಬೆತ್ತದ ಮಾತು ಜ್ಞಾನೋಕ್ತಿಗಳಲ್ಲಿ ಇದೆಯಲ್ಲ ಎನ್ನುವವರುಂಟು. ಅಲ್ಲಿರುವ ಹೀಬ್ರೂ ಶಬ್ದವೇ 23ನೆಯ ಕೀರ್ತನೆಯಲ್ಲಿ ಕುರಿಗೆ ಧೈರ್ಯ ಕೊಡುವ ಕುರುಬನ ಕೋಲಿಗೂ ಬಂದಿದೆ. ಮಕ್ಕಳು ಎದೆಗುಂದುವಂತೆ ಅವರನ್ನು ಕೆಣಕಬಾರದೆಂದು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲನು ತಂದೆಗಳಿಗೆ ಬುದ್ಧಿ ಹೇಳುತ್ತಾನೆ. ಶಾಲೆಯಲ್ಲಂತೂ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕಿನ ಕಾನೂನೇ ನಿಷೇಧಿಸಿದೆ. ಹಾಗೆಂದು ತಂಗಿಯನ್ನು ತಳ್ಳಿದ್ದು ತಪ್ಪಲ್ಲವೆಂದಲ್ಲ. ಕ್ಷಮೆ ಕೇಳಿಸಬೇಕು, ಕ್ಷಮಿಸಬೇಕು, ಅಂದಿನ ಲೆಕ್ಕವನ್ನು ಅಂದೇ ಮುಗಿಸಬೇಕು. ಮರೆವನ್ನು ಮಾತ್ರ ಪಾಪದ ಪಟ್ಟಿಗೆ ಸೇರಿಸಬಾರದು.

"ಪ್ರಾರ್ಥನೆ ಇರುವಾಗ ವೈದ್ಯರೇಕೆ?" ಎಂದೂ ಕೇಳುತ್ತಾರೆ. ಪೌಲನ ಜೊತೆಗಾರನಾದ ಲೂಕನು ವೈದ್ಯನೇ. ಸಾಕಪ್ಪ ಈ ಬಾಳು ಎಂದು ಅಡವಿಯಲ್ಲಿ ಮಲಗಿದ ಎಲೀಯನ ಬಳಿಗೆ ಬಂದ ದೇವದೂತನು ಮೊದಲು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟನು, ಇನ್ನೊಮ್ಮೆ ಮಲಗಲು ಬಿಟ್ಟನು. ದಣಿದ ತಾಯಿಗೂ ಮೊದಲು ಬೇಕಾದುದು ಇಂಥ ಉಪಚಾರ. ವಾರಕ್ಕೊಂದು ಗಂಟೆ ಸಭೆಯ ಒಬ್ಬರು ಮಗುವನ್ನು ಆಡಲು ಕರೆದೊಯ್ದರೆ, ಅದೂ ದೇವರ ಸೇವೆಯೇ.

ಸಂದೇಹವಿದ್ದವರು ಮಕ್ಕಳ ವೈದ್ಯರನ್ನು ಮೊದಲು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ವೈದ್ಯರ ಸಲಹೆಯನ್ನು ನಡೆಸಿಕೊಂಡು ಬನ್ನಿ. ಅದರ ಜೊತೆಗೆ ಇಂದು ರಾತ್ರಿ ಮಗು ಮಲಗುವ ಮೊದಲು, ಅದು ಹಗಲಿನಲ್ಲಿ ಸರಿಯಾಗಿ ಮಾಡಿದ ಒಂದು ಕೆಲಸವನ್ನು ಹೆಸರಿಸಿ ಹೇಳಿ. ಹುಡುಕಿದರೆ ಒಂದಾದರೂ ಸಿಕ್ಕೇ ಸಿಗುತ್ತದೆ.